ವಾಯು ಮತ್ತು ಬ್ಯಾಸರ

ಕೊಪ್ಪಳ ಜಿಲ್ಲೆಯ ಕುಷ್ಟಗಿ, ಯಲಬುರ್ಗಾ ಕಡೆಯ ಹಿರಿಯರು ಕೀಲುನೋವಿಗೆ ‘ವಾಯು ಹಿಡದೈತಿ’ ಎನ್ನುತ್ತಾರೆ. ಬೆನ್ನಿಗೇ ‘ಜೀವಕ್ಕ ಬ್ಯಾಸರ ಆಗೈತಿ’ ಎಂಬ ಮಾತೂ ಬರುತ್ತದೆ. ವೈದ್ಯಕೀಯದ ಚರಿತ್ರೆ ಓದುವಾಗೆಲ್ಲ ನನ್ನನ್ನು ಕಾಡುವ ಪ್ರಶ್ನೆ ಇದು: ಈ ಎರಡು ಮಾತುಗಳನ್ನು ಬೇರೆ ಮಾಡಿದವರು ಯಾರು?

ಚರಕಸಂಹಿತೆಯಲ್ಲಿ ಅವು ಬೇರೆಯಾಗಿರಲಿಲ್ಲ. ಸಂಧಿಗಳಲ್ಲಿ ಸೇರಿ ಬಾವು, ನೋವು ತರುವ ವಾತವೇ ಅಲ್ಲಿ ಮನಸ್ಸನ್ನು ನಡೆಸುವ ಶಕ್ತಿಯೂ ಹೌದು. ಇಂದಿನ ವಿಜ್ಞಾನ ಅದಲ್ಲ, ನಿಜ. ಆದರೆ ನೋವನ್ನೂ ಮನಸ್ಸನ್ನೂ ಒಟ್ಟಿಗೆ ನೋಡುವ ಅಭ್ಯಾಸ ಅದರಲ್ಲಿತ್ತು.

1859ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹೆಸರು ಸೂಚಿಸಿ, ಈ ಕಾಯಿಲೆಯನ್ನು ಗೌಟ್‌ನಿಂದ ಬೇರ್ಪಡಿಸಿದರು. 1950ರ ಹೊತ್ತಿಗೆ ಎರಡು ದಾರಿಗಳು ಕವಲೊಡೆದವು. ಶಿಕಾಗೋದ ಮನೋವಿಶ್ಲೇಷಕ ಫ್ರಾಂಜ್ ಅಲೆಕ್ಸಾಂಡರ್ ಆ ವರ್ಷದ ತಮ್ಮ ಪುಸ್ತಕದಲ್ಲಿ ಇದನ್ನು ಮನೋದೈಹಿಕ ಕಾಯಿಲೆಗಳ ಸಾಲಿಗೆ ಸೇರಿಸಿ, ಅದುಮಿಟ್ಟ ಸಿಟ್ಟಿನಲ್ಲಿ ಅದರ ಬೇರು ಹುಡುಕಿದರು. ಅದೇ ವರ್ಷ ಕಾರ್ಟಿಸೋನ್ ಸಂಶೋಧನೆಗೆ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಹಾಸಿಗೆ ಹಿಡಿದವರು ಎದ್ದು ನಡೆದರು. ಆದರೆ ಕೆಲವರಿಗೆ ಅದೇ ಔಷಧಿಯಿಂದ ಅತಿಯಾದ ಉಲ್ಲಾಸ, ಖಿನ್ನತೆ, ಚಿತ್ತಭ್ರಮೆಯೂ ಉಂಟಾಯಿತು. ಕೀಲಿಗೆ ಕೊಟ್ಟ ಮದ್ದು ಮನಸ್ಸನ್ನು ಮುಟ್ಟಿತ್ತು.

ಸಂಬಂಧ ಎರಡೂ ಕಡೆಯಿಂದ ಇದೆಯೆಂದು ಈಗ ಗೊತ್ತಾಗಿದೆ. ಉರಿಯೂತದ ರಾಸಾಯನಿಕಗಳು ಮಿದುಳಿನ ಮೇಲೂ ಪರಿಣಾಮ ಬೀರುತ್ತವೆ. ನೋವು ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟ ಮನಸ್ಸಿಗೆ ನೋವು ಇನ್ನಷ್ಟಾಗುತ್ತದೆ.

ನಮ್ಮ ನೆಲದಲ್ಲಿ ಇದರ ಅರ್ಥವೇನು? ಗಂಗಾವತಿಯ ಗದ್ದೆಗಳಲ್ಲಿ ದಿನವಿಡೀ ಬಾಗಿ ಭತ್ತ ನಾಟಿ ಮಾಡುವವಳಿಗೆ ‘ಮನಸ್ಸಿಗೆ ಹಚ್ಕೋಬ್ಯಾಡವಾ’ ಎಂದರೆ ಅವಳ ದುಡಿಮೆಯ ಲೆಕ್ಕ ತಪ್ಪುತ್ತದೆ. ಕುಷ್ಟಗಿ, ಯಲಬುರ್ಗಾದ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂನ ಮಿತಿ ದಾಟಿದೆ. ಅದು ಮೂಳೆಗಿಳಿದರೆ ಸಂಧಿವಾತದಂತೆಯೇ ಕಾಣುತ್ತದೆ. ‘ಎಲ್ಲ ಮನಸ್ಸಿಂದ’ ಎಂದುಬಿಟ್ಟರೆ ನೀರನ್ನು ಯಾರೂ ಪರೀಕ್ಷಿಸುವುದಿಲ್ಲ. ಬರೀ ನೋವಿನ ಗುಳಿಗೆ ಕೊಟ್ಟು ಕಳಿಸಿದರೆ ಬ್ಯಾಸರವನ್ನು ಯಾರೂ ಕೇಳುವುದಿಲ್ಲ.

ದಾರಿಯೊಂದು ಹೊಳೆಯಾಚೆ, ಬಳ್ಳಾರಿ ಜಿಲ್ಲೆಯಲ್ಲೇ ಆರಂಭವಾಗಿತ್ತು. ಅಲ್ಲಿ 1985ರಿಂದ ನಿಮ್ಹಾನ್ಸ್, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆ ಗುರುತಿಸುವ ತರಬೇತಿ ಕೊಟ್ಟಿತು. 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮೊಣಕಾಲಿಗೆ ಗುಳಿಗೆ ಕೇಳಲು ಬಂದ ಅಜ್ಜಿ ಕೂರುವುದೂ ಅಂಥ ಕೇಂದ್ರದ ಬೆಂಚಿನ ಮೇಲೆಯೇ. ಅವಳ ಮಾತನ್ನು ‘ವಾಯು’ವಿಗೇ ನಿಲ್ಲಿಸದೆ, ‘ಬ್ಯಾಸರ’ದವರೆಗೂ ಕೇಳಿಸಿಕೊಳ್ಳಬೇಕು.