ಕಿಸುಕಾಡುನಾಡಿನಲ್ಲಿ ಪಾಪದ ಕಲ್ಪನೆ: ಶಾಪಾಶಯವೂ ವೃಕ್ಷಸಾಕ್ಷಿಯೂ

ಶಾಸನಗಳನ್ನು ಇತಿಹಾಸದ ಆಕರಗಳೆಂದು ಓದುವವರಲ್ಲಿ ಒಂದು ರೂಢಿ ಬೆಳೆದುಬಂದಿದೆ. ಅರಸನ ವಂಶ, ಬಿರುದು, ಶಕವರ್ಷ, ದತ್ತಿಯ ಭೂಮಿ, ಅದರ ಎಲ್ಲೆಕಟ್ಟು ಇಷ್ಟನ್ನು ಬರೆದುಕೊಂಡು, ಕೊನೆಯ ನಾಲ್ಕಾರು ಪಂಕ್ತಿಗಳನ್ನು ‘ವಾಡಿಕೆಯ ಶಾಪಶ್ಲೋಕಗಳು’ ಎಂದು ಕೈಬಿಡುವುದೇ ಆ ರೂಢಿ. ರಾಜಕೀಯ ಚರಿತ್ರೆ ಬರೆಯುವವರಿಗೆ ಇದರಿಂದ ನಷ್ಟವಿಲ್ಲ. ಆದರೆ ಜನರು ಪಾಪವೆಂದು ಯಾವುದನ್ನು ಭಾವಿಸಿದ್ದರು, ಅದಕ್ಕೆ ಹೇಗೆ ಅಂಜುತ್ತಿದ್ದರು ಎಂಬುದನ್ನು ತಿಳಿಯಬಯಸುವವರಿಗೆ ಆ ಕಡೆಯ ಪಂಕ್ತಿಗಳೇ ಮುಖ್ಯ. ಪ್ರಕೃತ ಲೇಖನದಲ್ಲಿ ಹನ್ನೊಂದನೆಯ ಶತಮಾನದ ಕಿಸುಕಾಡುನಾಡನ್ನು ಮಾತ್ರ ತೆಗೆದುಕೊಂಡು ಈ ವಿಷಯವನ್ನು ವಿಚಾರಿಸಲಾಗಿದೆ.

ಕಿಸುಕಾಡು ಎಪ್ಪತ್ತು ಎಂಬ ನಾಡು ಪಟ್ಟದಕಲ್ಲಿನ ಕಡೆಯಿಂದ ಇಂದಿನ ರೋಣ, ಗಜೇಂದ್ರಗಡ ಸೀಮೆಯ ಹಳ್ಳಿಗಳವರೆಗೆ ಹಬ್ಬಿತ್ತು. ಹಿಂದೆ ರೋಣ ತಾಲೂಕಿನಲ್ಲಿದ್ದು ಈಗ ಗಜೇಂದ್ರಗಡ ತಾಲೂಕಿಗೆ ಸೇರಿರುವ ಸೂಡಿಯು ಈ ನಾಡಿನ ಮುಖ್ಯ ಪಟ್ಟಣಗಳಲ್ಲೊಂದು. ಕ್ರಿ. ಶ. 1010ರಲ್ಲಿಯೇ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯು ಈ ನಾಡನ್ನು ಆಳುತ್ತಿದ್ದಳೆಂದು ಸೂಡಿಯ ಶಾಸನ ತಿಳಿಸುತ್ತದೆ. ಐದನೆಯ ವಿಕ್ರಮಾದಿತ್ಯನೂ ಎರಡನೆಯ ಜಯಸಿಂಹನೂ ಆಕೆಯ ಸೋದರರು. ಸೂಡಿಯ ಶಾಸನಗಳನ್ನು ಬಾರ್ನೆಟ್ ಅವರು ‘ಎಪಿಗ್ರಾಫಿಯಾ ಇಂಡಿಕಾ’ದ ಹದಿನೈದನೆಯ ಸಂಪುಟದಲ್ಲಿ ಸಂಪಾದಿಸಿರುವರು. ಎಂಟು ಸೆಟ್ಟಿಗಳು, ಎಂಬತ್ತು ಒಕ್ಕಲುಗಳೆಂಬ ಪೌರಸಮೂಹದ ಉಲ್ಲೇಖವೂ ಅವುಗಳಲ್ಲಿದೆ. ಎಂದರೆ ಇದು ದೇವಾಲಯಗಳ ಊರು ಮಾತ್ರವಲ್ಲ, ವ್ಯಾಪಾರಿಗಳ ಊರೂ ಅಹುದು. ಮುಂದೆ ಬರುವ ಕಥೆಗೆ ಈ ಅಂಶ ಬೇಕಾಗುವುದು.

ಆ ಕಾಲದ ದತ್ತಿಶಾಸನಗಳ ಶಾಪಾಶಯವು ಸಾಮಾನ್ಯವಾಗಿ ಎರಡು ಭಾಗವಾಗಿರುತ್ತದೆ. ಧರ್ಮವನ್ನು ಕಾಪಾಡಿದವನು ವಾರಣಾಸಿ, ಕುರುಕ್ಷೇತ್ರ, ಪ್ರಯಾಗಗಳಲ್ಲಿ ಸಾವಿರ ಕವಿಲೆಗಳ ಕೋಡು ಕೊಳಗುಗಳಿಗೆ ಹೊನ್ನು ಕಟ್ಟಿಸಿ ವೇದವಿದರಿಗೆ ದಾನಮಾಡಿದ ಪುಣ್ಯವನ್ನು ಪಡೆಯುವನು. ಅಳಿದವನು ಅದೇ ತೀರ್ಥಗಳಲ್ಲಿ ಅಷ್ಟೇ ಕವಿಲೆಗಳನ್ನೂ ಅಷ್ಟೇ ಬ್ರಾಹ್ಮಣರನ್ನೂ ಕೊಂದ ಪಾತಕಕ್ಕೆ ಗುರಿಯಾಗುವನು. ಪುಣ್ಯಪಾಪಗಳೆರಡಕ್ಕೂ ಕ್ಷೇತ್ರ ಒಂದೇ, ಸಂಖ್ಯೆ ಒಂದೇ, ಹಸುವೂ ಒಂದೇ! ತಕ್ಕಡಿಯ ಎರಡು ತಟ್ಟೆಗಳಂತೆ ಇವನ್ನು ತೂಗಿ ಇರಿಸಲಾಗಿದೆ. ಇದರ ಹಿಂದೆಯೇ ಬರುವ ಸಂಸ್ಕೃತ ಶ್ಲೋಕವು, ಭೂಮಿಯನ್ನು ತಾನು ಕೊಟ್ಟಿರಲಿ ಪರರು ಕೊಟ್ಟಿರಲಿ, ಕಸಿದುಕೊಂಡವನು ಅರುವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವನೆಂದು ಹೇಳುತ್ತದೆ. ಇಲ್ಲಿ ಪಾಪಕ್ಕೆ ಸ್ಥಳವುಂಟು, ಅಳತೆಯುಂಟು, ಅವಧಿಯುಂಟು. ಆದರೆ ಪಾಪ ಮಾಡಿದವನು ಅದರಿಂದ ಬಿಡುಗಡೆ ಹೊಂದುವ ದಾರಿ ಮಾತ್ರ ಹೇಳಿಲ್ಲ. ಪಶ್ಚಾತ್ತಾಪಕ್ಕೆ ಆ ಕಲ್ಲಿನಲ್ಲಿ ಎಡೆಯಿಲ್ಲ.

ಇದನ್ನು ಕೇವಲ ಬರವಣಿಗೆಯ ಚಾಳಿಯೆಂದು ಹೇಳುವ ವಿದ್ವಾಂಸರ ಮಾತಿಗೆ ಆಧಾರವಿಲ್ಲದಿಲ್ಲ. ಕೂಟಶಾಸನಗಳಲ್ಲಿಯೂ ಇದೇ ಶಾಪಗಳು ಬರುವುದುಂಟು. ಸುಳ್ಳು ದತ್ತಿಯನ್ನು ಕೊರೆದವನ ಕೈ ನರಕದ ಪಂಕ್ತಿಯನ್ನು ಕೊರೆಯುವಾಗ ನಡುಗಿದಂತೆ ತೋರುವುದಿಲ್ಲ. ಆದರೂ ಈ ವಾದವು ಒಂದು ಪ್ರಶ್ನೆಯನ್ನು ಬಿಟ್ಟುಬಿಡುತ್ತದೆ. ಶಾಪವು ಯಾರನ್ನು ಕುರಿತದ್ದು? ಭೂದಾನ ಮಾಡುವ ಅರಸನು ಮುಂದೆ ಬರುವ ಸಜ್ಜನ ರಾಜರ ತಿಳಿವಿಗಾಗಿ ಅದನ್ನು ಬರೆಯಿಸಬೇಕೆಂದು ಯಾಜ್ಞವಲ್ಕ್ಯಸ್ಮೃತಿ ವಿಧಿಸುತ್ತದೆ. ಊರ ಒಕ್ಕಲಿಗನು ದೇವರ ಮಾನ್ಯವನ್ನು ಒತ್ತಿಕೊಂಡರೆ ಅರಸನು ದಂಡಿಸಬಲ್ಲನು. ಮುಂದೆ ಪಟ್ಟವೇರುವ ಅರಸನೇ ಕಿತ್ತುಕೊಂಡರೆ ದಂಡಿಸುವವರಾರು? ಇನ್ನೂ ಹುಟ್ಟದ ಅರಸನ ಮೇಲೆ ಇಂದಿನ ಅರಸನಿಗೆ ಅಧಿಕಾರವಿಲ್ಲ. ಆ ಅಧಿಕಾರವು ಮುಗಿದ ಗೆರೆಯಿಂದ ಪಾಪದ ಭಯವು ಆರಂಭವಾಗುತ್ತದೆ. ಆದಕಾರಣ ಶಾಪಾಶಯವನ್ನು ಶಾಸನದ ಅಲಂಕಾರವೆಂದಲ್ಲ, ಅದರ ಕಾವಲೆಂದೇ ಎಣಿಸುವುದು ನನಗೆ ಯುಕ್ತವಾಗಿ ಕಾಣುತ್ತದೆ. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರನ್ನು ಕಂಡರಿಸುವುದು ದತ್ತಿಯು ಆಚಂದ್ರಾರ್ಕ ನಡೆಯಲೆಂದು. ಅವರು ಮನುಷ್ಯನ ನಡತೆಯನ್ನು ನೋಡುವ ಸಾಕ್ಷಿಗಳೆಂಬ ಭಾವನೆಯೂ ಮನುಸ್ಮೃತಿಯಷ್ಟು ಹಳೆಯದು.

ಈ ರಾಜಶಾಸನಗಳನ್ನು ಬರೆಯುವ ಹೊಣೆ ಯಾರದು? ಸಂಧಿವಿಗ್ರಹಿಯದೆಂದು ವಿಜ್ಞಾನೇಶ್ವರನ ಮಿತಾಕ್ಷರೆ ಸ್ಪಷ್ಟವಾಗಿ ಹೇಳುತ್ತದೆ. ಅಕ್ಕಾದೇವಿಯ ಸೋದರನಾದ ಜಯಸಿಂಹನಲ್ಲಿ ಸಂಧಿವಿಗ್ರಹಿಯಾಗಿದ್ದವನು ದುರ್ಗಸಿಂಹ. ಸುಮಾರು 1031ರಲ್ಲಿ ಕನ್ನಡ ಪಂಚತಂತ್ರವನ್ನು ರಚಿಸಿದ ಕವಿ ಇವನೇ. ತನ್ನ ಊರು ಕಿಸುಕಾಡುನಾಡಿನ ಸಯ್ಯಡಿಯೆಂಬ ಅಗ್ರಹಾರವೆಂದು ಇವನು ಹೇಳಿಕೊಂಡಿದ್ದಾನೆ. ಅದನ್ನು ರೋಣ ತಾಲೂಕಿನ ಸವಡಿಯೆಂದು ಗುರುತಿಸಲಾಗಿದೆ. ಶಾಪಪಂಕ್ತಿಗಳನ್ನು ಬಲ್ಲ ಅಧಿಕಾರಿಯೊಬ್ಬನು ಅದೇ ನಾಡಿನ ಮಗನಾಗಿ, ಪಾಪದ ಕಥೆಯನ್ನು ಹೇಗೆ ಹೇಳಿದನೆಂಬುದು ನೋಡತಕ್ಕ ವಿಷಯ.

ಶಾಲೆಯ ವಿದ್ಯಾರ್ಥಿಗಳಿಗೆ ‘ವೃಕ್ಷಸಾಕ್ಷಿ’ಯೆಂಬ ಪಾಠವಾಗಿ ಈ ಕಥೆ ಪರಿಚಿತವೇ. ಧರ್ಮಬುದ್ಧಿ, ದುಷ್ಟಬುದ್ಧಿಯೆಂಬ ಇಬ್ಬರು ವ್ಯಾಪಾರಿಗಳು ಹೊರನಾಡಿನಲ್ಲಿ ಗಳಿಸಿದ ಹೊನ್ನನ್ನು ಒಂದು ಆಲದ ಮರದ ಕೆಳಗೆ ಹೂಳಿಡುತ್ತಾರೆ. ದುಷ್ಟಬುದ್ಧಿಯು ಅದನ್ನು ಕದ್ದು, ಕದ್ದವನು ಧರ್ಮಬುದ್ಧಿಯೆಂದು ಧರ್ಮಾಧಿಕರಣದಲ್ಲಿ ದೂರುತ್ತಾನೆ. ಸಾಕ್ಷಿ ಯಾರೆಂದರೆ ಆ ಮರವೇ ಎನ್ನುತ್ತಾನೆ. ರಾತ್ರಿ ತನ್ನ ತಂದೆ ಪ್ರೇಮಮತಿಯನ್ನು ಒಪ್ಪಿಸಿ ಮರದ ಪೊಟರೆಯಲ್ಲಿ ಅಡಗಿಸುತ್ತಾನೆ. ಮರುದಿನ ಮರವು ಧರ್ಮಬುದ್ಧಿಯೇ ಕಳ್ಳನೆಂದು ನುಡಿಯುತ್ತದೆ. ಧರ್ಮಬುದ್ಧಿಯು ಮರವನ್ನು ಸುತ್ತಿ ನೋಡಿ, ಪೊಟರೆಯಲ್ಲಿ ಮನುಷ್ಯರು ಓಡಾಡಿದ ಗುರುತು ಕಂಡು, ಹುಲ್ಲು ತುಂಬಿ ಬೆಂಕಿಯಿಡಿಸುತ್ತಾನೆ. ಪ್ರೇಮಮತಿ ಉರಿಯಲ್ಲಿ ಬೆಂದು ಕೆಳಗೆ ಬಿದ್ದು ಸಾಯುತ್ತಾನೆ.

ಭೂಮಿಯ ದತ್ತಿಗೂ ಹೂಳಿಟ್ಟ ಹೊನ್ನಿಗೂ ಸಂಬಂಧವೇನೆಂದು ಕೇಳಬಹುದು. ಯಾಜ್ಞವಲ್ಕ್ಯನ ಪ್ರಾಯಶ್ಚಿತ್ತಾಧ್ಯಾಯದಲ್ಲಿ ಭೂಮಿಯ ಅಪಹರಣವನ್ನೂ ನಂಬಿ ಇಟ್ಟ ನಿಕ್ಷೇಪದ ಅಪಹರಣವನ್ನೂ ಒಂದೇ ಶ್ಲೋಕದಲ್ಲಿ ಸೇರಿಸಿ, ಎರಡೂ ಸುವರ್ಣಸ್ತೇಯಕ್ಕೆ ಸಮವೆಂದು ಹೇಳಿದೆ. ಸುವರ್ಣಸ್ತೇಯವಾದರೋ ಪಂಚಮಹಾಪಾತಕಗಳಲ್ಲೊಂದು. ಮಾನ್ಯದ ಹೊಲವೂ ಮರದಡಿಯ ಹೊನ್ನೂ ಕಾವಲಿಲ್ಲದೆ, ಮತ್ತೊಬ್ಬರ ನಂಬಿಕೆಯೊಂದರ ಮೇಲೆ ನಿಂತ ಸ್ವತ್ತುಗಳು. ಹನ್ನೊಂದನೆಯ ಶತಮಾನದ ಕಿಸುಕಾಡಿನಲ್ಲಿ ಪಾಪವೆಂದರೆ ಮೊದಲಾಗಿ ನಂಬಿಕೆಗೆ ಎರಡು ಬಗೆಯುವುದು. ಆಗ ಸಾಕ್ಷಿ ನುಡಿಯುವವರಾರು ಎಂಬ ಕಳವಳವೇ ಕಲ್ಲಿನಲ್ಲಿ ಸೂರ್ಯಚಂದ್ರರನ್ನು ನಿಲ್ಲಿಸಿತು, ಕಥೆಯಲ್ಲಿ ಮರವನ್ನು ನಿಲ್ಲಿಸಿತು. ಆದರೆ ದುರ್ಗಸಿಂಹನು ಸಾಮಾನ್ಯನಲ್ಲ. ಮೂಕಸಾಕ್ಷಿಯನ್ನು ನಂಬಿದವರು ಮೋಸಹೋಗುವುದನ್ನೂ, ದೈವವಾಣಿಯ ಹಿಂದೆ ಒಬ್ಬ ಮುದುಕನು ಕುಳಿತಿರಬಹುದೆಂಬುದನ್ನೂ ಅವನು ತೋರಿಸಿಕೊಟ್ಟನು. ಶಾಸನ ಬರೆಯುವ ಹುದ್ದೆಯವನಿಗೆ ಇಂಥ ಸಂಶಯ ಹುಟ್ಟಿದ್ದು ಸಹಜವೆನ್ನಬೇಕು.

ಧರ್ಮಶಾಸ್ತ್ರವು ಪಶ್ಚಾತ್ತಾಪವನ್ನು ಅರಿಯದೆ ಇರಲಿಲ್ಲ. ಮಾಡಿದ್ದನ್ನು ಬಾಯಿಬಿಟ್ಟು ಹೇಳುವುದು, ಅನುತಾಪ, ತಪಸ್ಸು ಇವುಗಳಿಂದ ಪಾಪಿಯು ಬಿಡುಗಡೆ ಹೊಂದುವನೆಂದು ಮನುಸ್ಮೃತಿ ಹೇಳುತ್ತದೆ. ಹೊನ್ನು ಕದ್ದವನು ಒನಕೆಯನ್ನು ಹಿಡಿದು ಅರಸನ ಬಳಿಗೆ ಹೋಗಿ, ತನ್ನ ಕಳವನ್ನು ತಾನೇ ಸಾರಿ, ಏಟಿಗೆ ತಲೆಯೊಡ್ಡಬೇಕು. ಸತ್ತರೂ ಬಿಡಲ್ಪಟ್ಟರೂ ಅವನು ಶುದ್ಧನೆಂದು ಯಾಜ್ಞವಲ್ಕ್ಯನ ಮತ. ಜೈನಕಾವ್ಯಗಳು ಇನ್ನೂ ಒಳಹೊಕ್ಕವು. ಜನ್ನನ ಯಶೋಧರಚರಿತೆಯಲ್ಲಿ (1209) ಬಲಿಯಾದದ್ದು ಹಿಟ್ಟಿನ ಕೋಳಿ, ಆದರೂ ಸಂಕಲ್ಪದ ಪಾಪವು ಜನ್ಮಜನ್ಮಕ್ಕೂ ಬೆನ್ನಟ್ಟುತ್ತದೆ. ಅದಕ್ಕೂ ಮುಂಚೆ, ಹನ್ನೆರಡನೆಯ ಶತಮಾನದಲ್ಲಿ, ಶರಣರು ಸಾಕ್ಷಿಯ ಸ್ಥಾನವನ್ನು ಮನಸ್ಸಿಗೇ ಕೊಟ್ಟಿದ್ದರು.

ದುರ್ಗಸಿಂಹನ ಕಥೆಯಲ್ಲಿ ದುಷ್ಟಬುದ್ಧಿಯು ಒನಕೆ ಹಿಡಿಯುವುದಿಲ್ಲ. ಸತ್ಯವು ಹೊರಬರುವುದು ಅನುತಾಪದಿಂದಲ್ಲ, ಹೊಗೆಯಿಂದ. ಹಾಗೆಂದು ಈ ಕಥೆಯಲ್ಲಿ ಪಾಪಪ್ರಜ್ಞೆಯೇ ಇಲ್ಲವೆನ್ನುವಂತಿಲ್ಲ. ಮಗನ ಉಪಾಯವನ್ನು ಕೇಳಿದೊಡನೆ, ಪರದ್ರವ್ಯಕ್ಕೆ ಆಸೆಪಡುವುದೂ ನಂಬಿದವರಿಗೆ ದ್ರೋಹವೆಸಗುವುದೂ ಕುಲವನ್ನೇ ಅಳಿಸುವ ಕೆಲಸವೆಂದು ಪ್ರೇಮಮತಿ ಎಚ್ಚರಿಸುತ್ತಾನೆ. ಶಾಸನದ ಶಾಪವನ್ನು ಬಾಯಿಪಾಠವಾಗಿ ಬಲ್ಲವನ ಮಾತಿದು. ಪಾಪವೆಂದು ಅರಿತವನು ಆ ಕಥೆಯಲ್ಲಿ ಅವನು. ಅರಿತೂ, ಮಗನ ಮಾತನ್ನು ಮೀರಲಾರದೆ, ಕತ್ತಲಲ್ಲಿ ಆ ಪೊಟರೆಯನ್ನು ಹೊಕ್ಕವನೂ ಅವನೇ.