ಹಳೆಯ ಕಾರಿನ ತಂಪು ಮತ್ತು ನಾನು ಮಾಡಿದ ಒಂದು ತಪ್ಪು ಪಾಠ

1979ರಲ್ಲಿ ಬಡವನಹಳ್ಳಿಯಲ್ಲಿ ನನ್ನಿಂದ ವಿಜ್ಞಾನ ಕಲಿತವರಿಗೆ ಆವೀಕರಣದ ಪಾಠ ನೆನಪಿರಬಹುದು. ಮಣ್ಣಿನ ಮಡಕೆಯೊಂದನ್ನು ಮೇಜಿನ ಮೇಲಿಟ್ಟು, ಅದರ ಮೈಯಿಂದ ಜಿನುಗುವ ನೀರು ಆರುವಾಗ ಒಳಗಿನ ನೀರಿನ ಶಾಖವನ್ನು ಹೇಗೆ ಹೀರಿಕೊಳ್ಳುತ್ತದೆಂದು ತೋರಿಸಿದ್ದೆ. ತಂಪುಪೆಟ್ಟಿಗೆ, ಹವಾನಿಯಂತ್ರಣ ಯಂತ್ರಗಳ ಒಳಗೂ ಇದೇ ತತ್ತ್ವವಿದೆ, ಅಲ್ಲಿ ನೀರಿನ ಬದಲು ಫ್ರಿಯಾನ್ ಎಂಬ ಅನಿಲವಿದೆ, ಅದು ವಿಷವಲ್ಲ, ಉರಿಯುವುದಿಲ್ಲ, ಯಾರಿಗೂ ಕೇಡು ಮಾಡದು ಎಂದೂ ಹೇಳಿದ್ದೆ. ಹಾಗೆ ಬರೆದವರಿಗೆ ಪೂರ್ಣ ಅಂಕವನ್ನೂ ಕೊಟ್ಟಿದ್ದೆ. ಆ ಪಾಠದ ಕೊನೆಯ ಮಾತು ತಪ್ಪಾಗಿತ್ತು. ಅದನ್ನು ನನಗೆ ತಿಳಿಸಿಕೊಟ್ಟದ್ದು ಒಂದು ಹಳೆಯ ಕಾರು.

ಮೊದಲು ಇತಿಹಾಸವನ್ನು ನೋಡೋಣ. 1920ರ ದಶಕದವರೆಗೆ ತಂಪುಪೆಟ್ಟಿಗೆಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ಗಳನ್ನು ಬಳಸುತ್ತಿದ್ದರು. ಇವು ಸೋರಿದರೆ ಮನೆಯವರ ಪ್ರಾಣಕ್ಕೇ ಅಪಾಯ. ಅಮೆರಿಕದ ಥಾಮಸ್ ಮಿಜ್ಲಿ ಮತ್ತು ಸಂಗಡಿಗರು 1928ರಲ್ಲಿ ಇದಕ್ಕೊಂದು ಪರಿಹಾರ ಹುಡುಕಿದರು. ಅದೇ ಮುಂದೆ ಆರ್-12 ಎಂದು ಹೆಸರಾದ ಫ್ರಿಯಾನ್. 1930ರಲ್ಲಿ ಮಿಜ್ಲಿ ರಸಾಯನಶಾಸ್ತ್ರಜ್ಞರ ಸಭೆಯಲ್ಲಿ ಈ ಅನಿಲವನ್ನು ಉಸಿರಿನೊಳಗೆ ಎಳೆದುಕೊಂಡು, ಅದನ್ನೇ ಊದಿ ಉರಿಯುವ ಮೇಣದಬತ್ತಿಯನ್ನು ಆರಿಸಿ ತೋರಿಸಿದರು. ವಿಷವೂ ಅಲ್ಲ, ದಹಿಸುವುದೂ ಇಲ್ಲ ಎಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷ ಪ್ರಮಾಣ ಬೇಕಿರಲಿಲ್ಲ.

ಕಾರಿನೊಳಗೆ ಈ ತಂಪನ್ನು ಕಾರ್ಖಾನೆಯಲ್ಲಿಯೇ ಜೋಡಿಸಿ ಮಾರಾಟಕ್ಕೆ ತಂದದ್ದು ಅಮೆರಿಕದ ಪ್ಯಾಕರ್ಡ್ ಕಂಪನಿ, 1939ರಲ್ಲಿ. ಆ ವ್ಯವಸ್ಥೆಯಲ್ಲಿ ಕಂಪ್ರೆಸರನ್ನು ಎಂಜಿನ್‌ನಿಂದ ಬೇರ್ಪಡಿಸುವ ಕ್ಲಚ್ ಇರಲಿಲ್ಲ. ತಂಪು ಬೇಡವೆನಿಸಿದರೆ ಕಾರು ನಿಲ್ಲಿಸಿ, ಬಾನೆಟ್ ತೆಗೆದು, ಬೆಲ್ಟನ್ನೇ ಕಳಚಬೇಕಿತ್ತು! 1954ರಲ್ಲಿ ನ್ಯಾಶ್ ಕಂಪನಿಯು ಎಲ್ಲ ಭಾಗಗಳನ್ನೂ ಕಾರಿನ ಮುಂಭಾಗದಲ್ಲಿ ಅಡಕವಾಗಿ ಕೂಡಿಸಿತು. ಇಂದಿನ ಕಾರುಗಳ ಜೋಡಣೆಯೂ ಹೆಚ್ಚುಕಡಿಮೆ ಅದೇ ಬಗೆಯದು.

ನಮ್ಮ ಸೀಮೆಗೆ ಇದೆಲ್ಲ ಬಹಳ ತಡವಾಗಿ ಬಂತು. ಮಧುಗಿರಿ, ಶಿರಾ, ಪಾವಗಡಗಳ ಬಿಸಿಲನ್ನು ಬಲ್ಲವರಿಗೆ ಹೇಳಬೇಕಾದ್ದಿಲ್ಲ. ಅಂಬಾಸಡರ್ ಕಾರಿನ ಕಿಟಕಿಗಳನ್ನು ಇಳಿಸಿ, ಒದ್ದೆಯ ಟವೆಲನ್ನು ತಲೆಗೆ ಸುತ್ತಿಕೊಂಡು ಹೋಗುವುದೇ ಅಂದಿನ ಹವಾನಿಯಂತ್ರಣ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದ ಮೇಲೆ ಮಧ್ಯಮ ವರ್ಗದವರಿಗೆ ಕಾರು ಎಟುಕತೊಡಗಿತು. ಏಸಿ ಎಂಬುದು ಆಮೇಲೂ ಬಹುಕಾಲ ಸಿರಿವಂತರ ವಸ್ತುವಾಗಿಯೇ ಇತ್ತು.

ನಾನು 2002ರಲ್ಲಿ ಏಸಿ ಇದ್ದ ಸಣ್ಣ ಕಾರೊಂದನ್ನು ಎರಡನೆಯ ಕೈಯಿಂದ ಕೊಂಡೆ. ಶಿವರಾತ್ರಿ ಕಳೆಯುತ್ತಿದ್ದಂತೆ ಅದರ ತಂಪು ಮಾಯವಾಗುತ್ತಿತ್ತು. ಪಟ್ಟಣದ ಗ್ಯಾರೇಜಿನಲ್ಲಿ ಉಳಿದಿದ್ದ ಗ್ಯಾಸನ್ನು ಗಾಳಿಗೆ ಬಿಟ್ಟು ಹೊಸದನ್ನು ತುಂಬುತ್ತಿದ್ದರು. ಮೂರು ಬೇಸಿಗೆ ಹೀಗೇ ನಡೆಯಿತು. ಎಲ್ಲಿ ಸೋರುತ್ತಿದೆ ಎಂದು ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ನಾಲ್ಕನೆಯ ವರ್ಷ ಹಳೆಯ ಗ್ಯಾಸ್ ದುಬಾರಿಯೆಂದು ಹೇಳಿ ಆರ್-134ಎ ಎಂಬ ಹೊಸದನ್ನು ತುಂಬಿಕೊಟ್ಟರು. ಅಗ್ಗವಾಯಿತೆಂದು ನಾನು ಸಂತೋಷಪಟ್ಟೆ.

2005ರ ಮೇ ತಿಂಗಳಿನಲ್ಲಿ ಶಸ್ತ್ರಚಿಕಿತ್ಸೆ ಮುಗಿಸಿದ ನಮ್ಮ ಅಕ್ಕನವರನ್ನು ತುಮಕೂರಿನಿಂದ ಕರೆತರುತ್ತಿದ್ದೆ. ಕೊರಟಗೆರೆ ದಾಟಿದ ಮೇಲೆ ಎಂಜಿನ್ ಕಡೆಯಿಂದ ಕಿರುಚಿದಂತಹ ಸದ್ದು ಬಂತು. ಹಿಂದೆಯೇ ರಬ್ಬರ್ ಸುಟ್ಟ ವಾಸನೆ. ಕಂಪ್ರೆಸರ್ ಬಿಗಿದುಕೊಂಡಿತ್ತು. ದಾರಿಹೋಕರೊಬ್ಬರ ಸಹಾಯದಿಂದ ಏಸಿಯ ಬೆಲ್ಟನ್ನು ಕತ್ತರಿಸಿ ತೆಗೆದು, ಅಕ್ಕನ ಹಣೆಗೆ ಒದ್ದೆಬಟ್ಟೆ ಹಾಕಿ, ಕಿಟಕಿ ತೆರೆದುಕೊಂಡು ಊರು ಸೇರಿದೆವು. "ಕಾಸು ಉಳಿಸೋಕೆ ಹೋಗಿ ನನ್ನನ್ನ ಬೇಯಿಸಿಬಿಟ್ಟೆಯಲ್ಲೋ" ಎಂದು ಅಕ್ಕ ನಕ್ಕರು. ನನಗೆ ನಗು ಬರಲಿಲ್ಲ.

ಆ ಕಾರನ್ನು ಸರಿಪಡಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಬಾನೆಟ್ ತೆಗೆದವನೇ, "ಸಾರ್, ಇದು ಆರ್-12ರ ಗಾಡಿ. ಇದರೊಳಗಿನ ಎಣ್ಣೆ ಹೊಸ ಗ್ಯಾಸಿನ ಜೊತೆ ಬೆರೆಯೋದಿಲ್ಲ" ಎಂದನು. ಕಂಪ್ರೆಸರಿಗೆ ಬೇಕಾದ ಎಣ್ಣೆಯು ಅನಿಲದೊಡನೆ ಬೆರೆತು ಕೊಳವೆಗಳಲ್ಲಿ ಸುತ್ತಿ ಹಿಂದಿರುಗಬೇಕು. ಆರ್-12ಕ್ಕೆ ಖನಿಜ ತೈಲ, ಆರ್-134ಎಗೆ ಬೇರೆಯದೇ ಕೃತಕ ತೈಲ. ಬೆರೆಯದ ಎಣ್ಣೆ ಹಿಂದಿರುಗದೆ ಕಂಪ್ರೆಸರ್ ಒಣಗಿ ಬಿಗಿದುಕೊಂಡಿತ್ತು.

ಅವನು ದೋಷ ಹುಡುಕಿದ ಕ್ರಮವನ್ನು ನಾನು ಶಿಷ್ಯನಂತೆ ನಿಂತು ನೋಡಿದೆ. ಕಾರು ಓಡುವಾಗ ತಂಪಿದ್ದು ನಿಂತಾಗ ಹೋದರೆ ಮುಂದಿನ ಕಂಡೆನ್ಸರಿನ ಫ್ಯಾನನ್ನು ನೋಡಬೇಕು, ಅದರ ರೆಕ್ಕೆಗಳಲ್ಲಿ ಧೂಳು ಕಟ್ಟಿದೆಯೇ ಪರೀಕ್ಷಿಸಬೇಕು. ಸ್ವಿಚ್ ಒತ್ತಿದಾಗ ಕಂಪ್ರೆಸರಿನ ಕ್ಲಚ್ 'ಟಕ್' ಎನ್ನದಿದ್ದರೆ ಫ್ಯೂಸ್, ತಂತಿ ಅಥವಾ ಅನಿಲದ ಕೊರತೆ. ಮೊದಲು ತಂಪು ಕೊಟ್ಟು, ಸ್ವಲ್ಪ ಹೊತ್ತಿಗೆ ನಿಂತು, ಮತ್ತೆ ಬಂದರೆ ಒಳಗೆ ತೇವ ಸೇರಿ ವಾಲ್ವಿನ ಕಿರುರಂಧ್ರದಲ್ಲಿ ಮಂಜುಗಟ್ಟಿರಬಹುದು. ಅನಿಲವೇ ಕಡಿಮೆಯಾಗಿದ್ದರೆ ಅದು ಎಲ್ಲಿಂದಲೋ ಸೋರಿರಲೇಬೇಕು. ಯಾವ ಜೋಡಣೆಯ ಬಳಿ ಎಣ್ಣೆಯ ಜಿಡ್ಡು ಕಾಣುತ್ತದೆಯೋ ಅಲ್ಲಿ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ನಮ್ಮ ಕಾರಿನಲ್ಲಿ ಸೋರುತ್ತಿದ್ದದ್ದು ಒಂದು ಒಣಗಿದ ರಬ್ಬರ್ ಉಂಗುರದ ಬಳಿ. ಕಂಪ್ರೆಸರ್, ತೇವ ಹೀರುವ ಡ್ರೈಯರ್, ಉಂಗುರಗಳು ಎಲ್ಲವನ್ನೂ ಬದಲಾಯಿಸಿ, ಕೊಳವೆಗಳನ್ನು ತೊಳೆದು, ಪಂಪಿನಿಂದ ಒಳಗಿನ ಗಾಳಿಯನ್ನೆಲ್ಲ ಹೊರತೆಗೆದ ಮೇಲೆಯೇ ಅವನು ಹೊಸ ಅನಿಲ ತುಂಬಿದ್ದು.

"ಫ್ರಿಯಾನ್ ನಿರುಪದ್ರವಿ ಅಂತ ನೀವೇ ಹೇಳಿಕೊಟ್ಟಿದ್ದಿರಿ ಸಾರ್, ತರಬೇತಿಯಲ್ಲಿ ಬೇರೆ ಹೇಳಿದರು" ಎಂದು ಅವನು ಮೆಲ್ಲಗೆ ಅಂದಾಗ ನಾನು ನಿರುತ್ತರನಾದೆ. ಮನೆಗೆ ಬಂದು ಓದತೊಡಗಿದೆ.

ಮೊಲಿನಾ ಮತ್ತು ರೋಲ್ಯಾಂಡ್ ಎಂಬ ವಿಜ್ಞಾನಿಗಳು 1974ರಲ್ಲಿಯೇ ಈ ಅನಿಲಗಳ ಬಗ್ಗೆ ಎಚ್ಚರಿಸಿದ್ದರು. ನೆಲದ ಬಳಿ ಯಾವುದರೊಡನೆಯೂ ವರ್ತಿಸದ ಅದೇ ಗುಣದಿಂದ ಇವು ಕೆಡದೆ ವಾಯುಮಂಡಲದ ಮೇಲ್ಪದರಕ್ಕೆ ಏರುತ್ತವೆ. ಅಲ್ಲಿ ಅತಿನೇರಳೆ ಕಿರಣದಿಂದ ಒಡೆದು ಬಿಡುಗಡೆಯಾದ ಕ್ಲೋರಿನ್ನಿನ ಒಂದೊಂದು ಪರಮಾಣುವೂ ಸಾವಿರಾರು ಓಜೋನ್ ಅಣುಗಳನ್ನು ನಾಶಮಾಡುತ್ತದೆ. ನಾನು ಆ ಪಾಠ ಮಾಡುವುದಕ್ಕೆ ಐದು ವರ್ಷ ಮೊದಲೇ ಇದು ಪ್ರಕಟವಾಗಿತ್ತು! 1985ರಲ್ಲಿ ಅಂಟಾರ್ಕ್ಟಿಕದ ಮೇಲಿನ ಓಜೋನ್ ರಂಧ್ರದ ವರದಿ ಬಂತು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದವಾಯಿತು. ಭಾರತ 1992ರಲ್ಲಿ ಅದನ್ನು ಸೇರಿತು. 2010ರ ಹೊತ್ತಿಗೆ ಇಂತಹ ಅನಿಲಗಳ ತಯಾರಿಕೆಗೆ ತೆರೆಬಿತ್ತು. ಮೊಲಿನಾ, ರೋಲ್ಯಾಂಡ್ ಮತ್ತು ಕ್ರುಟ್ಸೆನ್ ಅವರಿಗೆ 1995ರ ನೊಬೆಲ್ ಬಹುಮಾನ ದೊರೆಯಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಬದಲಿಗೆ ಬಂದ ಆರ್-134ಎ ಓಜೋನನ್ನು ಕೆಡಿಸದಿದ್ದರೂ, ಒಂದು ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಇಂತಹವುಗಳನ್ನು ಕ್ರಮವಾಗಿ ತಗ್ಗಿಸಲು 2016ರಲ್ಲಿ ಕಿಗಾಲಿಯಲ್ಲಿ ತಿದ್ದುಪಡಿಯಾಯಿತು. ಭಾರತ ಅದನ್ನು 2021ರಲ್ಲಿ ಅನುಮೋದಿಸಿತು. ಪರಿಹಾರವೆಂದು ತಂದದ್ದೇ ಮುಂದೆ ಸಮಸ್ಯೆಯಾಗುವುದು ಇತಿಹಾಸದಲ್ಲಿ ಹೊಸದಲ್ಲ. ಆದರೆ ಈ ಸಲ ಜಗತ್ತಿನ ಎಲ್ಲ ರಾಷ್ಟ್ರಗಳೂ ಕೂಡಿ ತಿದ್ದಿಕೊಂಡವು. ಅಂಟಾರ್ಕ್ಟಿಕದ ಓಜೋನ್ ಪದರವು 2066ರ ಸುಮಾರಿಗೆ 1980ರ ಸ್ಥಿತಿಗೆ ಮರಳಬಹುದೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ.

ಆರ್-12 ಗಾಳಿಯಲ್ಲಿ ಸುಮಾರು ನೂರು ವರ್ಷ ಉಳಿಯುತ್ತದೆ. ಆ ಮೂರು ಬೇಸಿಗೆಗಳಲ್ಲಿ ನನ್ನ ಕಾರಿನಿಂದ ಹೊರಹೋದದ್ದರಲ್ಲಿ ಹೆಚ್ಚಿನ ಪಾಲು ಇಂದಿಗೂ ಮೇಲೆಯೇ ಇದೆ. ಅದನ್ನು ಹಿಂದಕ್ಕೆ ತರಲಾರೆ.

ಆದ್ದರಿಂದ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎರಡು ಮಾತು. ಹಳೆಯ ಗಾಡಿಯ ತಂಪು ಕಡಿಮೆಯಾದರೆ ಗ್ಯಾಸ್ ತುಂಬಿಸುವ ಮೊದಲು ಸೋರುವ ಜಾಗವನ್ನು ಹುಡುಕಿಸಿರಿ. ಯಾವ ಗ್ಯಾಸ್, ಯಾವ ಎಣ್ಣೆ ಎಂದು ಕೇಳಿರಿ. ಹಳೆಯದನ್ನು ಗಾಳಿಗೆ ಬಿಡಗೊಡದೆ ಯಂತ್ರದಿಂದ ಹಿಂಪಡೆಯಲು ಹೇಳಿರಿ. ಎರಡನೆಯದು, 1979ರ ನಿಮ್ಮ ನೋಟ್‌ಬುಕ್ ಯಾರ ಅಟ್ಟದ ಮೇಲಾದರೂ ಉಳಿದಿದ್ದರೆ, "ಫ್ರಿಯಾನ್ ಯಾರಿಗೂ ಕೇಡು ಮಾಡದು" ಎಂಬ ಸಾಲನ್ನು ದಯಮಾಡಿ ಹೊಡೆದುಹಾಕಿರಿ. ಆ ತಪ್ಪು ನಿಮ್ಮದಲ್ಲ, ನನ್ನದು.