ಭುವನೇಶ್ವರಿಯ ಕೆಳಗೆ ನಿಂತು: ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಆಕಾಶ ನಕ್ಷೆಯ ವಿನ್ಯಾಸ

ಕಡುನೀಲಿ ಹಿನ್ನೆಲೆ, ಬಿಳಿ ಚುಕ್ಕೆಗಳು, ತೆಳುವಾದ ಬಂಗಾರದ ಗೆರೆ. ಮದುವೆಯ ದಿನದ ಆಕಾಶ, ಮಗು ಹುಟ್ಟಿದ ರಾತ್ರಿಯ ಆಕಾಶ ಎಂದು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಬಿಡುವ ಅಚ್ಚಿನ ನಕ್ಷೆಗಳು ಈಗ ಸುಲಭವಾಗಿ ಸಿಗುತ್ತವೆ. ಅವು ನೋಡಲು ಚೆಂದವೇ. ಆದರೆ ನಕ್ಷೆ ಎಂದ ಮೇಲೆ ಅದು ಯಾವುದೋ ಒಂದು ಊರಿನದಾಗಿರಬೇಕು. ಆ ಊರಿನ ಅಕ್ಷಾಂಶ, ದಿಕ್ಕು, ದಿಗಂತ ಅದರಲ್ಲಿ ಕಾಣಬೇಕು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಗೆ ಅಂಥ ನಕ್ಷೆಯೊಂದನ್ನು ರೂಪಿಸುವುದಾದರೆ ಅದರ ವಿನ್ಯಾಸಕ್ಕೆ ಹೊರಗಿನ ಮಾದರಿಯನ್ನು ಹುಡುಕಬೇಕಾಗಿಲ್ಲ. ತರೀಕೆರೆ ಬಳಿಯ ಅಮೃತಾಪುರದ ಒಳಛಾವಣಿಗಳಲ್ಲಿ ಅದರ ವ್ಯಾಕರಣ ಇದೆ ಎಂಬುದು ಈ ಲೇಖನದ ವಾದ.

ಅಮೃತೇಶ್ವರ ದೇವಾಲಯವನ್ನು 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ ಕಟ್ಟಿಸಿದ. ಅಲ್ಲಿನ ಶಾಸನದ ಪದ್ಯಗಳು ಕವಿಚಕ್ರವರ್ತಿ ಜನ್ನನವು. ರೂವಾರಿ ಮಲ್ಲಿತಮ್ಮ ತನ್ನ ವೃತ್ತಿಯ ಆರಂಭದಲ್ಲಿ ಕೈಯಾಡಿಸಿದ್ದು ಈ ಮಂಟಪದ ಒಳಛಾವಣಿಗಳಲ್ಲಿ ಎಂದು ಕಲಾ ಇತಿಹಾಸಕಾರರು ಹೇಳುತ್ತಾರೆ. 1268ರ ಸೋಮನಾಥಪುರದಲ್ಲೂ ಅದೇ ಹೆಸರು ಸಿಗುತ್ತದೆ. ನಡುವಣ ಎಪ್ಪತ್ತೆರಡು ವರ್ಷಗಳನ್ನು ನೋಡಿದರೆ ಇಬ್ಬರೂ ಒಬ್ಬನೇ ಎಂದು ಒಪ್ಪುವ ಮುನ್ನ ಸ್ವಲ್ಪ ಯೋಚಿಸಬೇಕು. ಅದೇನೇ ಇರಲಿ, ತೆರೆದ ಮಂಟಪದ ಇಪ್ಪತ್ತೊಂಬತ್ತು ಅಂಕಣಗಳ ಮೇಲಿನ ಭುವನೇಶ್ವರಿಗಳೇ, ಅಂದರೆ ಈ ಒಳಛಾವಣಿಗಳೇ, ನಮ್ಮ ಆಕರ. ತೊಲೆಗಳ ಚೌಕ ಮೂಲೆಗಲ್ಲುಗಳಿಂದ ಕಿರಿದಾಗುತ್ತ ಸುತ್ತುಸುತ್ತಾಗಿ ಮೇಲೇರುತ್ತದೆ, ನಡುವೆ ಹೂವಾಗಿ ನಿಲ್ಲುತ್ತದೆ. ಕೆಳಗೆ ನಿಂತವನ ನೆತ್ತಿಗೆ ನೇರವಾಗಿ ಒಂದು ಬಿಂದು, ಅದರ ಸುತ್ತ ಏಕಕೇಂದ್ರ ವರ್ತುಲಗಳು, ಅಂಚಿನಲ್ಲಿ ದಿಕ್ಕುಗಳು. ಖಮಧ್ಯವನ್ನು ಕೇಂದ್ರವಾಗಿಟ್ಟು ಬರೆಯುವ ಆಕಾಶ ನಕ್ಷೆಯ ಚೌಕಟ್ಟೂ ಇದೇ.

ಇಷ್ಟು ಹೇಳಿ ಭುವನೇಶ್ವರಿಯನ್ನೇ ಖಗೋಳ ನಕ್ಷೆ ಎಂದು ಸಾರುವುದು ಸಲ್ಲದು. ಅಲ್ಲಿರುವುದು ಹೂಬಳ್ಳಿಗಳ ಕೆಲಸ, ಯಾವ ತಾರೆಯ ಸ್ಥಾನವನ್ನೂ ಅಳೆದು ಕೆತ್ತಿಲ್ಲ. ಇನ್ನೊಂದು ಎಚ್ಚರವೂ ಬೇಕು. ಮಂಟಪದ ಹೊರ ಕೈಪಿಡಿಗೋಡೆಯ ದಕ್ಷಿಣ ಬದಿಯಲ್ಲಿ ರಾಮಾಯಣದ ಎಪ್ಪತ್ತು ಫಲಕಗಳು ಅಪ್ರದಕ್ಷಿಣವಾಗಿಯೂ ಉತ್ತರ ಬದಿಯಲ್ಲಿ ಕೃಷ್ಣಕಥೆ ಮತ್ತು ಮಹಾಭಾರತದ ಎಪ್ಪತ್ತು ಫಲಕಗಳು ಪ್ರದಕ್ಷಿಣವಾಗಿಯೂ ಸಾಗುತ್ತವೆ. ಇದನ್ನು ತಾರೆಗಳ ಚಲನೆಗೆ ಹೊಂದಿಸುವ ಆಸೆ ಹುಟ್ಟುವುದು ಸಹಜ. ಆದರೆ ದೇವಾಲಯ ಪೂರ್ವಾಭಿಮುಖವಾದ್ದರಿಂದ ಎರಡೂ ಬದಿಯ ಕಥೆಗಳು ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ಪ್ರವೇಶದ ಕಡೆಗೆ ನಡೆಯುತ್ತವೆ. ಸಮಮಿತಿಯ ಬಯಕೆಯೇ ಇದಕ್ಕೆ ಸಾಕಾದ ವಿವರಣೆ.

ದಿಕ್ಕಿನ ಪ್ರಶ್ನೆಯಲ್ಲಿ ಮಾತ್ರ ಛಾವಣಿಯ ಶಿಲ್ಪ ನಮಗೆ ನಿಜವಾದ ಪಾಠ ಹೇಳುತ್ತದೆ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯ ಕಲ್ಲೇಶ್ವರ ಗುಡಿಯಲ್ಲಿ, 9ನೆಯ ಶತಮಾನದ ನೊಳಂಬರ ಕೆಲಸವಾದ ಒಳಛಾವಣಿಯ ನಡುವೆ ಶಿವ ನರ್ತಿಸುತ್ತಾನೆ, ಸುತ್ತ ಅಷ್ಟದಿಕ್ಪಾಲಕರಿದ್ದಾರೆ. ದಿಕ್ಪಾಲಕರನ್ನು ಅವರವರ ದಿಕ್ಕಿಗೇ ಕೆತ್ತುವುದು ಸಂಪ್ರದಾಯ. ಹಾಗೆ ಕೆತ್ತಿದ ಛಾವಣಿಯ ಚಿತ್ರ ತೆಗೆದು ಉತ್ತರದ ಕುಬೇರ ಮೇಲೆ ಬರುವಂತೆ ಪುಟದಲ್ಲಿಟ್ಟರೆ ಪೂರ್ವದ ಇಂದ್ರ ಎಡಗಡೆಗೆ ಬರುತ್ತಾನೆ. ಭೂಪಟಕ್ಕೆ ಒಗ್ಗಿದ ಕಣ್ಣಿಗೆ ಇದು ತಪ್ಪೆಂದು ತೋರುತ್ತದೆ, ಆದರೆ ಇದೇ ಸರಿ. ತಲೆಯ ಮೇಲೆತ್ತಿ ಹಿಡಿದು ನೋಡುವ ನಕ್ಷೆಯಲ್ಲಿ ಪೂರ್ವ ಎಡಕ್ಕೇ ಇರಬೇಕು. ಯುರೋಪಿನ ಅಚ್ಚಿನ ನಕ್ಷೆಗಾರರಿಗೂ ಇದೇ ಗೊಂದಲ ಕಾಡಿತ್ತು. 1603ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ತಾಮ್ರಫಲಕಗಳಿಂದ ಅಚ್ಚಾದ ಬೇಯರ್‌ನ ‘ಯುರಾನೊಮೆಟ್ರಿಯಾ’ ತಾರೆಗಳನ್ನು ನೆಲದಿಂದ ಕಂಡಂತೆ ತೋರಿಸಿತು. 1690ರ ಹೆವೆಲಿಯಸ್‌ನ ನಕ್ಷೆಗಳು ಆಕಾಶಗೋಲವನ್ನು ಹೊರಗಿನಿಂದ ಕಂಡಂತೆ ತಿರುವುಮುರುವಾಗಿವೆ. ಎರಡೂ ಸುಂದರ, ಆದರೆ ಬಯಲಿಗೆ ಒಯ್ದು ಹಿಡಿಯಲು ಬರುವುದು ಮೊದಲನೆಯದು.

ಇನ್ನು ಊರಿನ ಆಕಾಶ. ಕಡೂರು ಸುಮಾರು 13.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ತರೀಕೆರೆ ಮತ್ತು ಅಜ್ಜಂಪುರ 13.7ರ ಆಸುಪಾಸಿನಲ್ಲಿವೆ. ಹೀಗಾಗಿ ಧ್ರುವತಾರೆ ಉತ್ತರ ದಿಗಂತದಿಂದ ಹದಿನಾಲ್ಕು ಡಿಗ್ರಿಯಷ್ಟೇ ಮೇಲಿರುತ್ತದೆ. ಅಗಸ್ತ್ಯ ದಕ್ಷಿಣದಲ್ಲಿ ಇಪ್ಪತ್ತಮೂರು ಡಿಗ್ರಿ ದಾಟಿ ಏರುತ್ತದೆ. ಲಂಡನ್ನಿನಿಂದ ಎಂದೂ ಕಾಣದ ತ್ರಿಶಂಕುವಿನ ಬುಡದ ತಾರೆ ಕೂಡ ಇಲ್ಲಿ ಹದಿಮೂರು ಡಿಗ್ರಿ ಎತ್ತರಕ್ಕೆ ಬರುತ್ತದೆ. ಏಪ್ರಿಲ್ ನಡುವಿನಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ ಮಖಾ ನೆತ್ತಿಯ ಮೇಲಿರುತ್ತದೆ, ಮೇ ಎರಡನೆಯ ವಾರದ ಹೊತ್ತಿಗೆ ಅದೇ ಜಾಗದಲ್ಲಿ ಉತ್ತರಾ. ಉತ್ತರ ದೇಶದವರಿಗೆಂದು ಮಾಡಿದ ನಕ್ಷೆಯಲ್ಲಿ ಇವೆಲ್ಲ ಅಂಚಿಗೆ ಸರಿದಿರುತ್ತವೆ ಅಥವಾ ಇರುವುದೇ ಇಲ್ಲ.

ಕಾಲವನ್ನೂ ಲೆಕ್ಕಕ್ಕೆ ತಂದರೆ ವಿಷಯ ಇನ್ನಷ್ಟು ತುಂಬಿಕೊಳ್ಳುತ್ತದೆ. ಅಯನಚಲನೆಯ, ಅಂದರೆ ಭೂಮಿಯ ಅಕ್ಷದ ನಿಧಾನ ತಿರುಗಾಟದ, ದರ ವರ್ಷಕ್ಕೆ ಸುಮಾರು 50 ವಿಕಲೆ. 1196ರಿಂದ ಈಚೆಗೆ ವಿಷುವದ್ಬಿಂದು ಹನ್ನೊಂದೂವರೆ ಡಿಗ್ರಿಯಷ್ಟು ಸರಿದಿದೆ. ಇಂದಿನ ಸ್ಥಾನಗಳಿಂದ ಹಿಂದಕ್ಕೆ ಗಣಿಸಿದರೆ, ಮಲ್ಲಿತಮ್ಮನ ಕಾಲದಲ್ಲಿ ರೋಹಿಣಿ ಅಮೃತಾಪುರದ ಖಮಧ್ಯದಿಂದ ಒಂದು ಡಿಗ್ರಿಯೊಳಗೆ ಹಾದುಹೋಗುತ್ತಿತ್ತು, ಈಗ ಅದು ಮೂರು ಡಿಗ್ರಿಯಷ್ಟು ಉತ್ತರಕ್ಕೆ ಹೋಗಿದೆ. ಆಗ ನೆತ್ತಿಯಿಂದ ಎರಡು ಡಿಗ್ರಿ ಉತ್ತರಕ್ಕಿದ್ದ ಮಖಾ ಈಗ ಹೆಚ್ಚುಕಡಿಮೆ ಅಷ್ಟೇ ದಕ್ಷಿಣಕ್ಕಿದೆ. ಇಂದು ಧ್ರುವವೆನಿಸಿದ ತಾರೆ ಆಗ ನಿಜವಾದ ಧ್ರುವಬಿಂದುವಿನಿಂದ ಐದು ಡಿಗ್ರಿಯಷ್ಟು ದೂರವಿತ್ತು. ಆದ್ದರಿಂದ ಈ ಸೀಮೆಯ ನಕ್ಷೆಯನ್ನು ಜೋಡಿಯಾಗಿ ಅಚ್ಚುಮಾಡುವುದು ಉಚಿತ: ಒಂದು ಇಂದಿನದು, ಒಂದು 1196ರದು. ಎರಡರ ಕೇಂದ್ರದಲ್ಲೂ ಭುವನೇಶ್ವರಿಯ ಹೂವನ್ನಿಟ್ಟರೆ ಅದರ ದಳಗಳಿಂದ ರೋಹಿಣಿ ಎಷ್ಟು ಸರಿಯಿತೆಂದು ಮಗುವೂ ಅಳೆಯಬಲ್ಲದು. ಇಂಥ ಗಣಿತಕ್ಕೆ ಈ ಸೀಮೆ ಇರುವ ಜಿಲ್ಲೆಯಲ್ಲಿ ಪರಂಪರೆಯೂ ಇದೆ. ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲೇ ‘ಗಣಿತಗನ್ನಡಿ’ ಎಂಬ ಖಗೋಳಗ್ರಂಥವನ್ನು ಕನ್ನಡದಲ್ಲಿ ಬರೆದರು. ಅಲ್ಲಿನ ವಿದ್ಯಾಶಂಕರ ದೇವಾಲಯದ ಹನ್ನೆರಡು ಕಂಬಗಳಲ್ಲಿ ರಾಶಿಚಿಹ್ನೆಗಳಿವೆ. ನಕ್ಷೆಯ ರಾಶಿಚಿತ್ರಗಳಿಗೆ ಗ್ರೀಕ್ ಆಕೃತಿಗಳ ಬದಲು ಇವುಗಳ ರೇಖೆಯನ್ನೇ ಬಳಸಬಹುದು.

ಮುದ್ರಣದಲ್ಲಿ ಅತಿಹೆಚ್ಚು ಕಡೆಗಣನೆಗೆ ಒಳಗಾಗುವುದು ಅಂಚು. ಕೈವಾರದಿಂದ ಎಳೆದ ನುಣುಪು ವರ್ತುಲ ಸಮುದ್ರದ ನಡುವೆ ನಿಂತವನ ದಿಗಂತವೇ ಹೊರತು ನಮ್ಮದಲ್ಲ. ಅಜ್ಜಂಪುರದ ಅಮೃತಮಹಲ್ ಕಾವಲುಗಳಲ್ಲಿ, ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಹುಲ್ಲುಬಯಲು ಸುತ್ತಲೂ ತೆರೆದಿರುವುದರಿಂದ ಅಲ್ಲಿಯ ಪ್ರತಿಗೆ ಹೆಚ್ಚುಕಡಿಮೆ ಸಮನಾದ ಗೆರೆ ಸಾಕು. ತರೀಕೆರೆಯ ಪ್ರತಿಗೆ ಹಾಗಲ್ಲ. ಅದರ ದಕ್ಷಿಣದಂಚಿನಲ್ಲಿ ಕೆಮ್ಮಣ್ಣುಗುಂಡಿಯ ಕಡೆಯ ಬಾಬಾಬುಡನ್ ಸಾಲಿನ ಏರಿಳಿತ ಬರಬೇಕು. ಪಟ್ಟಣದಿಂದ ಆ ಸಾಲು ಕೆಲವೇ ಡಿಗ್ರಿ ಎತ್ತರ ಕಾಣುತ್ತದೆ, ಬುಡಕ್ಕೆ ಹತ್ತಿರವಾದಷ್ಟೂ ಏರುತ್ತದೆ. ಹಾಗಾಗಿ ಬೆಟ್ಟದ ಗೆರೆಯನ್ನು ಅಂದಕ್ಕೆಂದು ಎಳೆಯದೆ, ನಕ್ಷೆ ಬಳಸುವ ಜಾಗದಲ್ಲೇ ನಿಂತು ಕೋನ ಅಳೆದು, ತಾರೆಗಳಿಗೆ ಬಳಸಿದ ಅಳತೆಯಲ್ಲೇ ಅಂಚಿಗೆ ಇಳಿಸಬೇಕು.